ಮನೆಯಲ್ಲೇ ಮಾಡಿದ ಹಳೆಯ ಎಲೆಕ್ಟ್ರಿಕ್ ಗಿಟಾರ್: ರಿಪೇರಿ ಮಾಡಿಸೋದಾ, ನೆಕ್ ಬದಲಿಸೋದಾ, ಗೋಡೆಗೆ ತೂಗುಹಾಕೋದಾ?

ಹಳೆಯ ಗಿಟಾರ್ ಬಗ್ಗೆ ಸಲಹೆ ಕೇಳುವವರು ಮೊದಲು ಕಳಿಸುವುದು ಬಾಡಿಯ ಫೋಟೋ. ಬಣ್ಣ ಎದ್ದಿರುತ್ತದೆ, ಅಂಚು ಜಜ್ಜಿರುತ್ತದೆ, ವಾಲ್ಯೂಮ್ ನಾಬ್ ಇರಬೇಕಾದ ಕಡೆ ಬರೀ ಕಡ್ಡಿ ನಿಂತಿರುತ್ತದೆ. "ಇದು ಸರಿಹೋಗುತ್ತಾ? ಎಷ್ಟು ಖರ್ಚಾಗಬಹುದು?" ಅಂತ ಕೆಳಗೊಂದು ಸಾಲು. ನಾನು ವಾಪಸ್ ಕೇಳುವುದು ಬೇರೆ ಫೋಟೋ. ಗಿಟಾರಿನ ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿಕೊಂಡು ನೋಡಿದರೆ ನೆಕ್, ಅಂದರೆ ಬೆರಳು ಒತ್ತುವ ಉದ್ದನೆಯ ಕತ್ತಿನ ಭಾಗ, ಹೇಗೆ ಕಾಣುತ್ತದೋ, ಆ ಫೋಟೋ. ಬಾಡಿ ಎಷ್ಟೇ ಹಾಳಾಗಿದ್ದರೂ ಗಿಟಾರ್ ನುಡಿಯುತ್ತದೆ. ನೆಕ್ ತಿರುಚಿಕೊಂಡಿದ್ದರೆ, ಅದರ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳು ತಪ್ಪು ಜಾಗದಲ್ಲಿದ್ದರೆ, ಮೇಲೆ ಎಷ್ಟು ಪಾಲಿಶ್ ಹೊಡೆಸಿದರೂ ಅದು ನುಡಿಯುವ ವಾದ್ಯ ಆಗುವುದಿಲ್ಲ.

ಇಂಥ ಗಿಟಾರ್‌ಗಳು ನಮ್ಮ ಕಡೆ ಅಪರೂಪವೇನಲ್ಲ. 1991ಕ್ಕೆ ಮುಂಚೆ ಹೊರದೇಶದ ಎಲೆಕ್ಟ್ರಿಕ್ ಗಿಟಾರ್ ಅಂದರೆ ಸಾಮಾನ್ಯರ ಕೈಗೆ ಎಟುಕುವ ಮಾತಾಗಿರಲಿಲ್ಲ. ಆರ್ಕೆಸ್ಟ್ರಾದಲ್ಲಿ ನುಡಿಸುವ ಆಸೆ ಇದ್ದವರು ಪತ್ರಿಕೆಯ ಚಿತ್ರ ತೋರಿಸಿ ಆಚಾರಿಯ ಕೈಲಿ ಬಾಡಿ ಕೊಯ್ಯಿಸಿದರು, ರೇಡಿಯೋ ರಿಪೇರಿಯವರ ಕೈಲಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಆಯಸ್ಕಾಂತ ಮತ್ತು ಸುರುಳಿ) ಸುತ್ತಿಸಿದರು. ಈಗಿನ ಹುಡುಗರು ವಿಡಿಯೋ ನೋಡಿ ಮಾಡುತ್ತಾರೆ. ಎರಡೂ ಬಗೆಯವು ಒಂದಲ್ಲ ಒಂದು ದಿನ ಅಟ್ಟ ಸೇರುತ್ತವೆ. ಆಮೇಲೆ ಮನೆಯಲ್ಲಿ ಯಾರೋ ಒಬ್ಬರು ಇಳಿಸಿ, ಧೂಳು ಒರೆಸಿ, ಏನು ಮಾಡೋದು ಅಂತ ಯೋಚಿಸುತ್ತಾರೆ.

ಮೊದಲು ಐದು ಪ್ರಶ್ನೆ

ಮೊದಲನೆಯದು, ಯಾಕೆ ಸರಿಮಾಡಬೇಕು? ಮನೆಯಲ್ಲಿ ಮಾಡಿದ ಗಿಟಾರಿಗೆ ಮಾರಾಟದ ಬೆಲೆ ಅಂತ ಇಲ್ಲ. 10 ಸಾವಿರ ಖರ್ಚು ಮಾಡಿದಿರಿ ಅಂತ ಕೊಳ್ಳುವವನು ಒಂದು ಸಾವಿರವನ್ನೂ ಜಾಸ್ತಿ ಕೊಡುವುದಿಲ್ಲ. ಹಾಗಾಗಿ ಹಾಕುವ ದುಡ್ಡು ಒಂದೋ ನುಡಿಸುವುದಕ್ಕೆ, ಇಲ್ಲವೇ ನೆನಪಿಗೆ. ಎರಡೂ ಬೇಕು ಅನ್ನುವವರೇ ಹೆಚ್ಚು, ಆದರೆ ಎರಡಕ್ಕೂ ಜಗಳ ಬರುವ ಗಳಿಗೆ ಬಂದೇ ಬರುತ್ತದೆ. ಅಪ್ಪ ಸುತ್ತಿದ ಪಿಕಪ್ ಕೀರಲು ದನಿ ಕೊಡುತ್ತಿದೆ ಅಂದುಕೊಳ್ಳಿ. ನುಡಿಸುವವನು ಅದನ್ನು ಕಿತ್ತು ಹೊಸದು ಹಾಕುತ್ತಾನೆ. ನೆನಪು ಮುಖ್ಯ ಅನ್ನುವವನಿಗೆ ಗಿಟಾರ್ ಅಂದರೆ ಆ ಪಿಕಪ್ಪೇ. ಇದನ್ನು ಕೆಲಸ ಶುರುವಾಗುವ ಮುಂಚೆಯೇ ಮನೆಯವರ ಜೊತೆ ಮಾತಾಡಿ ತೀರ್ಮಾನಿಸಿಕೊಳ್ಳಿ.

ಎರಡನೆಯದು ನೆಕ್‌ನ ಸ್ಥಿತಿ. ಮೂರನೆಯದು ಫ್ರೆಟ್‌ಗಳ ಜಾಗ. ನಾಲ್ಕನೆಯದು, ಮಾಡುವ ಕೆಲಸವನ್ನು ಬೇಡ ಅನಿಸಿದರೆ ಹಿಂದಕ್ಕೆ ತರಬಹುದಾ? ವೈರಿಂಗ್ ಬದಲಿಸಿದರೆ ಮತ್ತೆ ಹಳೆಯದನ್ನೇ ಹಾಕಬಹುದು. ಉಜ್ಜಿ ತೆಗೆದ ಬಣ್ಣ ಮಾತ್ರ ಹೋಯಿತು ಅಂದರೆ ಹೋಯಿತು. ಐದನೆಯದು ನಿಮ್ಮ ಕೈಯ ಅಭ್ಯಾಸ ಮತ್ತು ನಿಮ್ಮ ಊರು. ಬೆಸುಗೆ ಹಾಕಲು ಬರುವವರಿಗೆ ಅರ್ಧ ದಾರಿ ಅಗ್ಗ. ಗಿಟಾರ್ ಕೆಲಸ ಬಲ್ಲವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಸಣ್ಣ ಊರಿನಲ್ಲಿದ್ದರೆ ಹೋಗಿಬರುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡು ಮತ್ತು ಮೂರನ್ನು ನೀವೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ಬೇಕಾಗುವುದು ಒಂದು ಉದ್ದ ಸ್ಟೀಲ್ ಸ್ಕೇಲ್, ಫೋನಿನಲ್ಲಿ ಒಂದು ಟ್ಯೂನರ್, ಒಂದು ಅಗ್ಗದ ಮಲ್ಟಿಮೀಟರ್. ಇಲ್ಲಿ ಒಂದು ಸಂಜೆ ಕಳೆದರೆ ಮುಂದೆ ಸಾವಿರಾರು ರೂಪಾಯಿ ಉಳಿಯುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನೆಕ್ ನೋಡುವುದು ಹೇಗೆ

ತಂತಿ ಶ್ರುತಿಯಲ್ಲಿರುವಾಗ ದಪ್ಪ ತಂತಿಯನ್ನು 1ನೇ ಫ್ರೆಟ್ ಮೇಲೆ ಒಂದು ಕೈಯಿಂದ, ಕೊನೆಯ ಫ್ರೆಟ್ ಮೇಲೆ ಇನ್ನೊಂದು ಕೈಯಿಂದ ಒತ್ತಿ. ಈಗ 7 ಅಥವಾ 8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಿ. 0.2ರಿಂದ 0.3 ಮಿ.ಮೀ. ಇದ್ದರೆ ಬಹಳ ಒಳ್ಳೆಯದು. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಅನ್ನಿ. ಸಂದು 1 ಮಿ.ಮೀ. ದಾಟಿದ್ದರೆ ನೆಕ್ ಬಿಲ್ಲಿನ ಹಾಗೆ ಬಾಗಿದೆ. ಸಂದೇ ಇಲ್ಲದೆ ತಂತಿ ಮಧ್ಯದ ಫ್ರೆಟ್‌ಗಳಿಗೆ ತಾಗಿಕೊಂಡಿದ್ದರೆ ನೆಕ್ ಹಿಂದಕ್ಕೆ ಬಾಗಿರಬಹುದು.

ಬಾಗಿದ್ದರೆ ಮುಂದಿನ ಪ್ರಶ್ನೆ, ಒಳಗೆ ಟ್ರಸ್ ರಾಡ್ ಇದೆಯಾ? ಗಿಬ್ಸನ್ ಕಂಪನಿಯಲ್ಲಿದ್ದ ಥಾಡಿಯಸ್ ಮ್ಯಾಕ್‌ಹ್ಯೂ ಎಂಬುವರಿಗೆ 1920ರ ದಶಕದಲ್ಲಿ ಪೇಟೆಂಟ್ ಸಿಕ್ಕ ಉಪಾಯ ಇದು. ನೆಕ್ ಒಳಗೆ ಒಂದು ಉಕ್ಕಿನ ಸರಳು, ತುದಿಯಲ್ಲಿ ತಿರುಗಿಸುವ ನಟ್. ಗಿಟಾರಿನ ತಲೆಯ ಹತ್ತಿರ ಅಥವಾ ನೆಕ್ ಬಾಡಿಗೆ ಸೇರುವ ತುದಿಯಲ್ಲಿ ಆ ನಟ್ ಕಾಣುತ್ತದೆ. ಆಚಾರಿ ಮಾಡಿದ ಹಳೆಯ ಗಿಟಾರ್‌ಗಳಲ್ಲಿ ಬಹುಪಾಲು ಇದು ಇರುವುದಿಲ್ಲ. ಅದಕ್ಕೇ ಬಾಗುತ್ತವೆ. 10ರಿಂದ 46ರ ಗೇಜಿನ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ತಂತಿಯ ದಪ್ಪ) ಮಾಮೂಲಿ ತಂತಿಗಳನ್ನು ಶ್ರುತಿ ಮಾಡಿದರೆ ನೆಕ್ ಮೇಲೆ ಸುಮಾರು 45 ಕೆ.ಜಿ. ಎಳೆತ ಬೀಳುತ್ತದೆ. 9ರಿಂದ 42ರ ಸೆಟ್ ಹಾಕಿದರೆ ಇದು 38 ಕೆ.ಜಿ. ಹತ್ತಿರ ಬರುತ್ತದೆ. ರಾಡ್ ಇಲ್ಲದ, ಸ್ವಲ್ಪವೇ ಬಾಗಿದ ನೆಕ್‌ಗೆ ಸಣ್ಣ ತಂತಿ ಹಾಕುವುದೇ ಎಷ್ಟೋ ಸಲ ಸಾಕಾಗುವ ಚಿಕಿತ್ಸೆ.

ಬಾಗುವುದಕ್ಕಿಂತ ಕೆಟ್ಟದ್ದು ತಿರುಚುವುದು. ತಲೆಯ ಹತ್ತಿರ ತಂತಿಗಳು ಕೂರುವ ಪಟ್ಟಿಗೂ ನಟ್ ಅಂತಲೇ ಹೆಸರು, ಇನ್ನು ಮುಂದೆ ಹೇಳುವ ನೆಕ್ ಮೇಲಿನ ನಟ್ ಅದೇ. ಆ ನಟ್ ಮತ್ತು ಕೊನೆಯ ಫ್ರೆಟ್ ಎರಡೂ ಒಂದೇ ಮಟ್ಟದಲ್ಲಿ ಕಾಣಬೇಕು. ಒಂದು ಎಡಕ್ಕೆ ವಾಲಿ ಇನ್ನೊಂದು ಬಲಕ್ಕೆ ವಾಲಿದ್ದರೆ ಆ ನೆಕ್‌ಗೆ ದುಡ್ಡು ಸುರಿಯಬೇಡಿ. ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಫ್ರೆಟ್ ಲೆಕ್ಕ

ನಟ್‌ನಿಂದ 12ನೇ ಫ್ರೆಟ್‌ವರೆಗಿನ ದೂರವನ್ನು ಅಳೆದು ಎರಡರಿಂದ ಗುಣಿಸಿ. ಅದು ನಿಮ್ಮ ಗಿಟಾರಿನ ತಂತಿಯ ಲೆಕ್ಕದ ಉದ್ದ. ಫೆಂಡರ್ ಮಾದರಿಯಲ್ಲಿ ಇದು 648 ಮಿ.ಮೀ., ಗಿಬ್ಸನ್ ಮಾದರಿಯಲ್ಲಿ ಸುಮಾರು 628. ಈ ಉದ್ದವನ್ನು 17.817ರಿಂದ ಭಾಗಿಸಿದರೆ ನಟ್‌ನಿಂದ 1ನೇ ಫ್ರೆಟ್ ಎಷ್ಟು ದೂರ ಇರಬೇಕು ಅಂತ ಗೊತ್ತಾಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಅಲ್ಲಿಂದ 2ನೆಯದು, ಹೀಗೇ ಮುಂದಕ್ಕೆ. 648ಕ್ಕೆ 1ನೇ ಫ್ರೆಟ್ 36.4 ಮಿ.ಮೀ.ಗೆ, 5ನೆಯದು 162.6ಕ್ಕೆ, 7ನೆಯದು 215.5ಕ್ಕೆ, 12ನೆಯದು ಸರಿಯಾಗಿ 324ಕ್ಕೆ ಬರಬೇಕು. ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೆಯಿರಿ. ಫ್ರೆಟ್‌ನಿಂದ ಫ್ರೆಟ್‌ಗೆ ಅಳೆಯುತ್ತ ಹೋದರೆ ಸಣ್ಣ ತಪ್ಪೆಲ್ಲ ಸೇರಿ ದೊಡ್ಡದಾಗುತ್ತದೆ.

ಎಷ್ಟು ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ? 12ನೇ ಫ್ರೆಟ್ ಹತ್ತಿರ 1 ಮಿ.ಮೀ. ತಪ್ಪಿದರೆ ಸುಮಾರು 5 ಸೆಂಟ್ ಶ್ರುತಿ ಹೋಗುತ್ತದೆ, ಅಂದರೆ ಅರ್ಧ ಸ್ವರದ 20ನೇ ಒಂದು ಭಾಗ. ಅಷ್ಟನ್ನು ಸಹಿಸಬಹುದು. ಒಂದು ಫ್ರೆಟ್ ಒಂದೂವರೆ ಮಿ.ಮೀ. ಮುಂದೆ, ಪಕ್ಕದ್ದು ಅಷ್ಟೇ ಹಿಂದೆ ಇದ್ದರೆ ಯಾವ ಕಾರ್ಡ್ (ಸ್ವರಗುಚ್ಛ) ಹಿಡಿದರೂ ಕಿರಿಕಿರಿ.

ಇಲ್ಲೊಂದು ಸ್ವಾರಸ್ಯ ಇದೆ. ಹಳೆಯ ಕಾಲದ ಕೆಲಸಗಾರರು 17.817ರ ಬದಲು ಸುಲಭಕ್ಕೆ 18ರಿಂದ ಭಾಗಿಸುತ್ತಿದ್ದರು. 648ರ ಗಿಟಾರಿನಲ್ಲಿ ಹಾಗೆ ಮಾಡಿದರೆ 12ನೇ ಫ್ರೆಟ್ 324ರ ಬದಲು ಸುಮಾರು 321.6ಕ್ಕೆ ಬಂದು ಕೂರುತ್ತದೆ. "ಫ್ರೆಟ್ ಎಲ್ಲ ತಪ್ಪು, ಬಿಸಾಕಿ" ಅಂತ ಯಾರಾದರೂ ಹೇಳಿಬಿಡಬಹುದು. ಆದರೆ ಬ್ರಿಜ್ ಅನ್ನು, ಅಂದರೆ ಬಾಡಿಯ ಮೇಲೆ ತಂತಿಗಳು ಕೂರುವ ಭಾಗವನ್ನು, 4ರಿಂದ 5 ಮಿ.ಮೀ. ನೆಕ್ ಕಡೆಗೆ ಸರಿಸಿ ಲೆಕ್ಕ ಹಾಕಿ ನೋಡಿ. 12ನೇ ಫ್ರೆಟ್‌ವರೆಗೆ ಎಲ್ಲವೂ 0.3 ಮಿ.ಮೀ. ಆಸುಪಾಸಿನಲ್ಲಿ ಸರಿಯಾಗಿ ಕೂರುತ್ತವೆ. ನೆಕ್ ಮುಟ್ಟದೆ, ಎರಡು ಸ್ಕ್ರೂ ಬಿಚ್ಚಿ ಸರಿಪಡಿಸುವ ದೋಷ ಅದು. ತಪ್ಪು ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಇದೆಯೋ, ಅಲ್ಲೊಂದು ಇಲ್ಲೊಂದು ಇದೆಯೋ ಅನ್ನುವುದನ್ನು ಪತ್ತೆ ಮಾಡುವುದೇ ಇಲ್ಲಿ ಮುಖ್ಯ ಕೆಲಸ. ಒಂದೇ ಲೆಕ್ಕದ ತಪ್ಪಾದರೆ ಬದುಕುತ್ತದೆ.

ಕೊನೆಗೆ ಮರವನ್ನು ಉಗುರಿನಿಂದ ಒತ್ತಿ ನೋಡಿ. ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹಿಡಿದಿದೆ. ಬಾಡಿಯಲ್ಲಾದರೆ ಔಷಧಿ ಹಾಕಿ ತುಂಬಿಸಬಹುದು. ನೆಕ್‌ನಲ್ಲಿ ಜಾಸ್ತಿ ಇದ್ದರೆ ತಂತಿಯ ಎಳೆತ ತಡೆಯುವುದಿಲ್ಲ.

ಒಂದನೇ ದಾರಿ: ತೊಳೆದು, ತಂತಿ ಕಟ್ಟಿ, ಹದ ಮಾಡುವುದು

ನೆಕ್ ಪಾಸಾಗಿ, ಫ್ರೆಟ್ ಪಾಸಾಗಿ, ಸದ್ದು ಹೇಗೋ ಬರುತ್ತಿದೆ ಅಂದರೆ ಇಲ್ಲಿಂದ ಮುಂದೆ ಹೋಗಬೇಡಿ. ಹೊಸ ತಂತಿ, ವಾಲ್ಯೂಮ್ ನಾಬಿನ ಕೆಳಗಿರುವ ಪಾಟ್ ಒಳಗೆ ಸಿಂಪಡಿಸಲು ಒಂದು ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿ, ಒರೆಸಲು ಬಟ್ಟೆ. 1,500 ರೂಪಾಯಿ ಒಳಗೆ ಮುಗಿಯುವ ಕೆಲಸ. ಮಾಮೂಲಿ ಡಬ್ಲ್ಯುಡಿ-40 ಪಾಟ್‌ಗೆ ಬೇಡ. ಕಾಂಟ್ಯಾಕ್ಟ್ ಕ್ಲೀನರ್ ಅಂತಲೇ ಬರೆದಿರುವುದನ್ನು ಕೇಳಿ ತನ್ನಿ.

ಫ್ರೆಟ್ ಮೇಲಿನ ಕಪ್ಪನ್ನು ತೀರ ನಯವಾದ ಸ್ಟೀಲ್ ವೂಲ್‌ನಿಂದ ಉಜ್ಜಬಹುದು. ಆದರೆ ಮೊದಲು ಪಿಕಪ್ ಮೇಲೆ ಪೂರ್ತಿ ಟೇಪ್ ಅಂಟಿಸಿ. ಇಲ್ಲದಿದ್ದರೆ ಅದರ ಆಯಸ್ಕಾಂತ ಉಕ್ಕಿನ ಎಳೆಗಳನ್ನೆಲ್ಲ ಎಳೆದುಕೊಳ್ಳುತ್ತದೆ, ಆಮೇಲೆ ತೆಗೆಯುವುದು ದೊಡ್ಡ ರಗಳೆ. ನಟ್‌ನ ಎತ್ತರವನ್ನೂ ನೋಡಿ. ತಂತಿಯನ್ನು 3ನೇ ಫ್ರೆಟ್ ಮೇಲೆ ಒತ್ತಿದಾಗ 1ನೇ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದು ಇರಬೇಕು. ಮನೆಯಲ್ಲಿ ಮಾಡಿದ ಗಿಟಾರ್‌ಗಳಲ್ಲಿ ನಟ್ ಸಾಮಾನ್ಯವಾಗಿ ತುಂಬಾ ಎತ್ತರ. "ಈ ಗಿಟಾರ್ ಒತ್ತೋಕೆ ಕಷ್ಟ, ಬೆರಳು ಉರಿಯುತ್ತೆ" ಅನ್ನುವ ದೂರಿಗೆ ಎಷ್ಟೋ ಸಲ ಇದೊಂದೇ ಕಾರಣ. ನಟ್‌ನಲ್ಲಿ ತಂತಿ ಕೂರುವ ಕೊರಕಲುಗಳನ್ನು ಸ್ವಲ್ಪ ಸ್ವಲ್ಪವೇ ಅರ ಹಾಕಿ ಇಳಿಸಿ. ಜಾಸ್ತಿ ಇಳಿಸಿದರೆ ಹೊಸ ನಟ್ ಬೇಕಾಗುತ್ತದೆ. ಅದೂ ದೊಡ್ಡ ಖರ್ಚೇನಲ್ಲ.

12ನೇ ಫ್ರೆಟ್ ಹತ್ತಿರ ತಂತಿಯ ಎತ್ತರ ದಪ್ಪ ತಂತಿಗೆ 2 ಮಿ.ಮೀ., ಸಣ್ಣದಕ್ಕೆ 1.6 ಇದ್ದರೆ ಆರಾಮ. ಹಳೆಯ ಒರಟು ಫ್ರೆಟ್‌ಗಳಿದ್ದರೆ ಇನ್ನರ್ಧ ಮಿ.ಮೀ. ಬಿಟ್ಟುಕೊಡಿ.

ಈ ದಾರಿಯಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಸಾಧಾರಣ ಗಿಟಾರ್ ಸಾಧಾರಣವಾಗಿಯೇ ಉಳಿಯುತ್ತದೆ, ಅಷ್ಟೇ.

ಎರಡನೇ ದಾರಿ: ಒಳಗಿನದು ಹೊಸದು, ಹೊರಗಿನದು ಹಳೆಯದು

ಗುಂಯ್ ಅನ್ನುವ ಸದ್ದು, ಬಂದು ಹೋಗುವ ಶಬ್ದ, ನಾಬ್ ತಿರುಗಿಸಿದರೆ ಕರಕರ. ಇವು ವೈರಿಂಗ್ ದೋಷಗಳು. ನೆಕ್ ಸರಿಯಿದ್ದರೆ ಹಾಕಿದ ದುಡ್ಡಿಗೆ ಅತಿ ಹೆಚ್ಚು ಫಲ ಕೊಡುವುದು ಈ ದಾರಿಯೇ ಅಂತ ನನ್ನ ಅಭಿಪ್ರಾಯ.

ಮೊದಲು ಕೇಬಲ್ ಸಿಕ್ಕಿಸುವ ಜ್ಯಾಕ್ ನೋಡಿ. ಹೊರಗಿನ ನಟ್ ಸಡಿಲವಾಗಿ, ಕೇಬಲ್ ಸಿಕ್ಕಿಸಿದಾಗಲೆಲ್ಲ ಜ್ಯಾಕ್ ಒಳಗೇ ಒಂದು ಸುತ್ತು ತಿರುಗಿರುತ್ತದೆ. ಅದರ ಹಿಂದಿನ ವೈರ್ ಹುರಿಗೊಂಡು ಒಂದೇ ಒಂದು ಎಳೆಯಲ್ಲಿ ನೇತಾಡುತ್ತಿರುತ್ತದೆ. "ಪಿಕಪ್ ಸತ್ತಿದೆ" ಅಂತ ಬರುವ ಗಿಟಾರಿನಲ್ಲಿ ನಾನು ಮೊದಲು ಬಿಚ್ಚುವುದು ಇದನ್ನೇ.

ಪಿಕಪ್ ನಿಜವಾಗಿ ಸತ್ತಿದೆಯಾ ಅಂತ ತಿಳಿಯಲು ಅದರ ಎರಡೂ ವೈರ್ ಬಿಡಿಸಿ ಮಲ್ಟಿಮೀಟರನ್ನು 20ಕೆ ಓಮ್‌ಗೆ ಇಟ್ಟು ಹಿಡಿಯಿರಿ. ಒಂಟಿ ಸುರುಳಿಯ ಪಿಕಪ್ ಸಾಮಾನ್ಯವಾಗಿ 5ರಿಂದ 8 ಕಿಲೋ ಓಮ್ ತೋರಿಸುತ್ತದೆ, ಎರಡು ಸುರುಳಿಯ ಹಂಬಕರ್ 7ರಿಂದ ಮೇಲೆ. ಕೈಯಲ್ಲಿ ಸುತ್ತಿದ್ದು ಎಷ್ಟು ಬೇಕಾದರೂ ತೋರಿಸಬಹುದು, ಅಂಕಿ ಅಲುಗಾಡದೆ ನಿಂತರೆ ಸಾಕು. ಮೀಟರ್ ಏನನ್ನೂ ತೋರಿಸದಿದ್ದರೆ ಸುರುಳಿ ಎಲ್ಲೋ ತುಂಡಾಗಿದೆ. ಅದೃಷ್ಟ ಇದ್ದರೆ ಸುರುಳಿಯ ತುದಿ ಹೊರಬರುವ ಜಾಗದಲ್ಲೇ ತುಂಡಾಗಿರುತ್ತದೆ. ಇಲ್ಲದಿದ್ದರೆ ಮತ್ತೆ ಸುತ್ತಬೇಕು. ಕೂದಲಿಗಿಂತ ಸಣ್ಣದಾದ, 0.06 ಮಿ.ಮೀ. ದಪ್ಪದ ತಾಮ್ರದ ತಂತಿಯನ್ನು ಸುಮಾರು 8,000 ಸುತ್ತು. ನೆನಪಿಗಾಗಿ ಮಾಡಿಸುವವರು ಇದನ್ನು ಮಾಡಿಸಲಿ. ಬರೀ ನುಡಿಸುವವರು ಹೊಸ ಪಿಕಪ್ ಹಾಕಿ, ಹಳೆಯದನ್ನು ಡಬ್ಬಿಯಲ್ಲಿಡಿ.

ಪಾಟ್, ಕೆಪಾಸಿಟರ್, ಶೀಲ್ಡೆಡ್ ವೈರ್, ತಾಮ್ರದ ಟೇಪ್ ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಒಂಟಿ ಸುರುಳಿಗೆ 250ಕೆ, ಹಂಬಕರ್‌ಗೆ 500ಕೆ ಪಾಟ್ ಹಾಕುವುದು ರೂಢಿ. ಟೋನ್‌ಗೆ 0.047 ಅಥವಾ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್. ಹಳೆಯ ಗಿಟಾರ್‌ಗಳಲ್ಲಿ ರೇಡಿಯೋದಿಂದ ಕಿತ್ತು ಹಾಕಿದ ಬೇರೆ ಬೆಲೆಯ ಪಾಟ್‌ಗಳಿರುತ್ತವೆ, ದನಿ ಮಂಕಾಗಲು ಅದೇ ಕಾರಣ ಇರಬಹುದು. ಹೊಸ ಪಾಟ್ ಕೊಳ್ಳುವಾಗ ಹಳೆಯದನ್ನೂ, ನಾಬನ್ನೂ ಜೊತೆಗೆ ಒಯ್ಯಿರಿ. ಕಡ್ಡಿಯ ದಪ್ಪ, ತೂತಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ.

ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಗ್ರೌಂಡ್ ಸರಿಯಿದೆ. ಮುಟ್ಟಿದರೂ ಬಿಟ್ಟರೂ ಒಂದೇ ಸಮ ಇದ್ದರೆ ಬ್ರಿಜ್‌ಗೆ ಹೋಗುವ ಗ್ರೌಂಡ್ ವೈರ್ ಇಲ್ಲ ಅಥವಾ ಬಿಟ್ಟಿದೆ. ಅದನ್ನು ಹಾಕಿಸುವ ಮುಂಚೆ ನಿಮ್ಮ ಆಂಪ್ಲಿಫೈಯರ್ (ಆಂಪ್) ಮತ್ತು ಮನೆಯ ಪ್ಲಗ್ ಪಾಯಿಂಟ್‌ನಲ್ಲಿ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಎರಡು ಪಿನ್ನಿನ ಹಳೆಯ ಆಂಪ್‌ಗೆ ಗ್ರೌಂಡ್ ಆದ ಗಿಟಾರ್ ಹಾಕಿ, ಇನ್ನೊಂದು ಕೈಯಲ್ಲಿ ಮೈಕ್ ಹಿಡಿಯುವುದು ಪ್ರಾಣಕ್ಕೆ ಅಪಾಯ.

ಹೊಸ ಟ್ಯೂನಿಂಗ್ ಕೀ, ಹೊಸ ಬ್ರಿಜ್ ಹಾಕುವುದಾದರೆ ಹಳೆಯ ಸ್ಕ್ರೂ ತೂತಿಗೇ ಹೊಂದುವಂಥದ್ದನ್ನು ಹುಡುಕಿ. ತೂತು ದೊಡ್ಡದಾಗಿದ್ದರೆ ಬಿದಿರಿನ ಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಣಗಿದ ಮೇಲೆ ಸ್ಕ್ರೂ ಹಾಕಿ. ಪಿಕಪ್ ಬಿಟ್ಟು ಇಷ್ಟೆಲ್ಲ ಮಾಡಿದರೂ 3ರಿಂದ 5 ಸಾವಿರದಲ್ಲಿ ಮುಗಿಸಬಹುದು, ಬೆಸುಗೆ ನಿಮ್ಮದೇ ಆದರೆ.

ಮೂರನೇ ದಾರಿ: ಬಲ್ಲವರ ಕೈಗೆ ಕೊಡುವುದು

ಫ್ರೆಟ್‌ಗಳು ತಂತಿಯ ಕೆಳಗೆ ಕಾಲುವೆಯಾಗಿ ಸವೆದಿದ್ದರೆ, ನೆಕ್ ಮೇಲೆ ಅಂಟಿಸಿದ ಫ್ರೆಟ್ ಹಲಗೆ (ಫಿಂಗರ್‌ಬೋರ್ಡ್) ಏಳುತ್ತಿದ್ದರೆ, ನೆಕ್ ಬಾಗಿದ್ದರೆ ಇದು ಕೈಕೆಲಸ ಕಲಿಯುವ ಜಾಗ ಅಲ್ಲ. ಇಲ್ಲಿ ನುರಿತವರು ಬೇಕು.

ನಮ್ಮೂರ ಆಚಾರಿ ಸಾಕಲ್ವಾ ಅಂತ ಕೇಳುತ್ತಾರೆ. ಬಾಡಿಯ ಬಿರುಕಿಗೆ, ಒಡೆದ ಅಂಚಿಗೆ ಧಾರಾಳವಾಗಿ ಸಾಕು. ಫ್ರೆಟ್‌ಗೆ ಸಾಲದು. ವೀಣೆ ಮಾಡುವವರಿಗೆ ತಂತಿವಾದ್ಯದ ಕಿವಿ ಇರುತ್ತದೆ ನಿಜ. ಆದರೆ ವೀಣೆಯ 24 ಮೆಟ್ಟಿಲು ಮೇಣದ ಮೇಲೆ ಕೂರುತ್ತವೆ, ಶ್ರುತಿ ನೋಡಿ ಸರಿಸಬಹುದು. ಗಿಟಾರಿನ ಫ್ರೆಟ್ ಮರದಲ್ಲಿ ಕೊಯ್ದ ಸಂದಿಯೊಳಗೆ ಬಡಿದು ಕೂರಿಸಿದ್ದು. ತೆಗೆಯುವಾಗ ಬೆಸುಗೆಯ ಕಡ್ಡಿಯಿಂದ ಬಿಸಿ ಮಾಡಿ ನಿಧಾನಕ್ಕೆ ಎತ್ತದಿದ್ದರೆ ಪಕ್ಕದ ಮರ ಚಕ್ಕೆಯಾಗಿ ಎದ್ದುಬರುತ್ತದೆ. ಬೋರ್ಡ್ ಬೀಟೆಯದಾಗಿದ್ದರೆ ಬೀಟೆಯ ಪುಡಿಯಿಂದಲೇ ಆ ಚಕ್ಕೆ ಜಾಗ ತುಂಬಬಹುದು. ಮೈಸೂರಿನ ಇನ್‌ಲೇ ಕೆಲಸ ಮಾಡುವವರ ಹತ್ತಿರ ಒಂದು ಹಿಡಿ ಪುಡಿ ಕೇಳಿದರೆ ಸಿಗುತ್ತದೆ.

ಕೆಲಸ ಕೊಡುವ ಮುಂಚೆ ಮೂರು ಮಾತು ಕೇಳಿ. ಟ್ರಸ್ ರಾಡ್ ಇಲ್ಲದ ನೆಕ್ ಮೇಲೆ ಮುಂಚೆ ಕೆಲಸ ಮಾಡಿದ್ದೀರಾ? ತೆಗೆದ ಪ್ರತಿ ಭಾಗವನ್ನೂ ವಾಪಸ್ ಕೊಡುತ್ತೀರಾ? ಯಾವ ಅಂಟು ಹಾಕುತ್ತೀರಿ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಬಿಳಿ ಫೆವಿಕಾಲ್ ಬಾಡಿಗೆ ಚೆನ್ನ. ತಂತಿಯ ಎಳೆತ ಸದಾ ಬೀಳುವ ಕಡೆ ಅದು ವರ್ಷಗಟ್ಟಲೆ ನಿಧಾನವಾಗಿ ಜಾರುತ್ತದೆ, ಬಿಸಿಲಲ್ಲಿ ಇನ್ನೂ ಬೇಗ. ಆರಾಲ್‌ಡೈಟ್ ಹಾಕಿದರೆ ಜಾರುವುದಿಲ್ಲ, ಆದರೆ ಮುಂದೆ ಬಿಚ್ಚಬೇಕಾದಾಗ ಕಷ್ಟ. ಈ ಲಾಭನಷ್ಟವನ್ನು ನಿಮಗೆ ವಿವರಿಸುವವರು ಸಿಕ್ಕರೆ ಕೆಲಸ ಕೊಡಿ.

ಇಲ್ಲದ ಟ್ರಸ್ ರಾಡನ್ನು ಈಗ ಒಳಗೆ ಕೂರಿಸಬಹುದಾ? ಆಗುತ್ತದೆ. ಫಿಂಗರ್‌ಬೋರ್ಡನ್ನೇ ಎಬ್ಬಿಸಿ, ಕಾಲುವೆ ಕೊಯ್ದು, ಮತ್ತೆ ಅಂಟಿಸಬೇಕು. ಆ ಖರ್ಚಿನಲ್ಲಿ ಹೊಸ ನೆಕ್ ಬರುತ್ತದೆ. ಫ್ರೆಟ್ ಬದಲಾವಣೆಗೇ ಸಾಧಾರಣ ಹೊಸ ಗಿಟಾರಿನ ಅರ್ಧ ಬೆಲೆ ಹೇಳಿದರೆ ಬೆಚ್ಚಿಬೀಳಬೇಡಿ, ಅಷ್ಟು ಕೈಕೆಲಸ ಅದರಲ್ಲಿದೆ.

ಹಾಗಾದರೆ ಯಾರಿಗೆ ಈ ದಾರಿ? ಆ ಗಿಟಾರೇ ಬೇಕು ಅನ್ನುವವರಿಗೆ. ಬ್ರಿಟನ್ನಿನ ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯನ್ ಮೇ ಇದಕ್ಕೆ ದೊಡ್ಡ ಉದಾಹರಣೆ. 1963ರಲ್ಲಿ ಅವರೂ ಅವರ ತಂದೆ ಹೆರಾಲ್ಡ್ ಅವರೂ ಸೇರಿ ಮನೆಯಲ್ಲೇ ಗಿಟಾರ್ ಮಾಡಲು ಕೂತರು. ನೆಕ್‌ಗೆ ಹಳೆಯ ಬೆಂಕಿಗೂಡಿನ ಮೇಲಿನ ಮಹಾಗನಿ ಹಲಗೆ. ಅದರಲ್ಲಿದ್ದ ಹುಳದ ತೂತುಗಳನ್ನು ಬೆಂಕಿಕಡ್ಡಿಯಿಂದ ತುಂಬಿದರು. ಬಾಡಿಗೆ ಹಳೆಯ ಮೇಜಿನ ಓಕ್ ಮರ, ತಂತಿಗಳ ಎಳೆತ ಬದಲಿಸಿ ಸ್ವರ ಅಲುಗಿಸುವ ಟ್ರೆಮೊಲೊ ಭಾಗಕ್ಕೆ ಹಳೆಯ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಫ್ರೆಟ್‌ಬೋರ್ಡಿನ ಚುಕ್ಕೆಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿ. ಲೋಕವೆಲ್ಲ ಸುತ್ತಿ ಸವೆದ ಆ ಗಿಟಾರನ್ನು 1998ರಲ್ಲಿ ಆಸ್ಟ್ರೇಲಿಯಾದ ಗ್ರೆಗ್ ಫ್ರೈಯರ್ ಸರಿಪಡಿಸಿದರು. ಅಷ್ಟರಲ್ಲಿ ಯಾವ ಬೆಲೆಯ ಗಿಟಾರನ್ನಾದರೂ ಕೊಳ್ಳಬಲ್ಲವರಾಗಿದ್ದರು ಮೇ. ಪೆಟ್ಟು ತಿಂದ ಜಾಗಗಳು ಸರಿಹೋದವು, ನೆಕ್, ಬಾಡಿ, ಪಿಕಪ್ ಅವೇ ಉಳಿದವು. ಫ್ರೈಯರ್ ಕೈಯಲ್ಲಿ ಆ ಗಿಟಾರಿನ ನಕಲುಗಳನ್ನು ಮಾಡಿದ ಅನುಭವವೂ ಇತ್ತು ಅನ್ನುವುದನ್ನು ಗಮನಿಸಿ.

ನಾಲ್ಕನೇ ದಾರಿ: ಬಾಡಿ ಉಳಿಸಿ ಹೊಸ ನೆಕ್

ನೆಕ್ ತಿರುಚಿದೆ, ಬಾಡಿ ಮಾತ್ರ ಚೆನ್ನಾಗಿದೆ. ಸ್ಕ್ರೂ ಹಾಕಿ ಕೂರಿಸುವ ರೆಡಿಮೇಡ್ ನೆಕ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಟ್ರಸ್ ರಾಡ್ ಇರುತ್ತದೆ, ಫ್ರೆಟ್ ಯಂತ್ರದಲ್ಲಿ ಕೊಯ್ದಿದ್ದು. ನುಡಿಸುವುದಕ್ಕಾದರೆ ಇದು ಮೂರನೇ ದಾರಿಗಿಂತ ಅಗ್ಗ, ಭರವಸೆಯೂ ಜಾಸ್ತಿ.

ತೊಡಕು ಅಳತೆಯದು. ಫೆಂಡರ್ ಮಾದರಿಯ ನೆಕ್‌ನ ಬುಡ ಸುಮಾರು 56 ಮಿ.ಮೀ. ಅಗಲ. ನಿಮ್ಮ ಬಾಡಿಯಲ್ಲಿ ನೆಕ್ ಕೂರುವ ಗುಂಡಿ ಅದಕ್ಕಿಂತ ಕಿರಿದಾದರೆ ಕೊಯ್ಯಬೇಕು, ಅಗಲವಾದರೆ ಪಟ್ಟಿ ಕೊಡಬೇಕು. ಅದಾದ ಮೇಲೆ ನಟ್‌ನಿಂದ ಸರಿಯಾಗಿ 648 ಮಿ.ಮೀ. ದೂರಕ್ಕೆ ಬ್ರಿಜ್ ಬರಬೇಕು. ಮನೆಯಲ್ಲಿ ಮಾಡಿದವು ಈ ಅಳತೆಗೆ ಇರಲೇಬೇಕೆಂದಿಲ್ಲ. ಬ್ರಯನ್ ಮೇ ಗಿಟಾರ್ ಕೂಡ 24 ಇಂಚಿನದು, ಅಂದರೆ ಸುಮಾರು 610 ಮಿ.ಮೀ. ಬ್ರಿಜ್ ಎರಡು ಮೂರು ಸೆಂ.ಮೀ. ಸರಿಯಬೇಕು ಅಂದರೆ ಪಿಕಪ್ ತೂತಿನ ಮೇಲೋ ಬಾಡಿಯ ಅಂಚಿನ ಮೇಲೋ ಬಂದು ಕೂರುತ್ತದೆ. ಕಾಗದದ ಮೇಲೆ ನಿಜ ಅಳತೆಯಲ್ಲಿ ಗೆರೆ ಎಳೆದು ನೋಡಿ, ಆಮೇಲೆ ನೆಕ್ ಆರ್ಡರ್ ಮಾಡಿ. ಹಳೆಯ ನೆಕ್ ಬಾಡಿಗೆ ಅಂಟಿಸಿದ್ದಾದರೆ ಈ ದಾರಿ ಬಿಡುವುದೇ ಒಳ್ಳೆಯದು.

ಐದನೇ ದಾರಿ: ತೊಡೆಯ ಮೇಲಿನ ಗಿಟಾರ್

ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ನನಗೆ ಮಾತ್ರ ತುಂಬಾ ಇಷ್ಟ. ಫ್ರೆಟ್ ತಪ್ಪಾಗಿದ್ದರೆ ಫ್ರೆಟ್ ಬೇಡದ ವಾದ್ಯ ಮಾಡಿಕೊಳ್ಳಿ. ಹವಾಯಿಯನ್ ಗಿಟಾರನ್ನು ತೊಡೆಯ ಮೇಲಿಟ್ಟು, ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿಸಿ ನುಡಿಸುತ್ತಾರೆ. ಅಲ್ಲಿ ಫ್ರೆಟ್ ಬರೀ ಕಣ್ಣಿಗೆ ಗುರುತು, ಶ್ರುತಿ ನಿಮ್ಮ ಕಿವಿಯದ್ದು. ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ್ ಭಟ್ ಇದರಲ್ಲಿ ಹಿಂದುಸ್ತಾನಿ ನುಡಿಸಿದವರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರ ಸ್ಲೈಡ್ ಗಿಟಾರ್ ಕೇಳಿದವರೂ ಬಹಳ ಜನ.

ಮಾಡಬೇಕಾದದ್ದು ಇಷ್ಟೇ. ನಟ್ ಮೇಲೆ ಕೂರುವ ಎತ್ತರದ ಲೋಹದ ನಟ್ ಒಂದನ್ನು ತಂದು ಸಿಕ್ಕಿಸಿ, ಬ್ರಿಜ್ಜನ್ನೂ ಆದಷ್ಟು ಎತ್ತರಿಸಿ. ತಂತಿಗಳು ಫ್ರೆಟ್‌ನಿಂದ 8 ಮಿ.ಮೀ. ಹತ್ತಿರ ಮೇಲಿದ್ದರೆ ಕಡ್ಡಿ ಫ್ರೆಟ್‌ಗೆ ತಾಗುವುದಿಲ್ಲ. ಓಪನ್ ಡಿ ಶ್ರುತಿಯಲ್ಲಿ (ಏನನ್ನೂ ಒತ್ತದೆಯೇ ಡಿ ಕಾರ್ಡ್ ಬರುವ ಶ್ರುತಿ) ನಾಲ್ಕು ತಂತಿಗಳು ಮಾಮೂಲಿಗಿಂತ ಕೆಳಗಿಳಿಯುತ್ತವೆ, ಯಾವುದೂ ಮೇಲೇರುವುದಿಲ್ಲ. ದುರ್ಬಲ ನೆಕ್ ಮೇಲಿನ ಎಳೆತ ತಾನಾಗಿ ತಗ್ಗುತ್ತದೆ. ನೆಕ್ ಒಂದೆರಡು ಮಿ.ಮೀ. ಬಾಗಿದ್ದರೂ ತೊಂದರೆಯಿಲ್ಲ. ಖರ್ಚು ಒಂದನೇ ದಾರಿಯಷ್ಟೇ, ಒಂದೂ ಹೊಸ ತೂತು ಕೊರೆಯಬೇಕಿಲ್ಲ. ಬೇಡವಾದರೆ ನಟ್ ತೆಗೆದರೆ ಮುಗಿಯಿತು. ಹೊಸ ಕೈಚಳಕ ಕಲಿಯಬೇಕು ಅನ್ನುವುದೊಂದೇ ಬೆಲೆ, ಅದು ಸಣ್ಣದೇನಲ್ಲ.

ಬಣ್ಣದ ಮಾತು

ಯಾವ ದಾರಿ ಹಿಡಿದರೂ ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ, ಸಾಧ್ಯವಾದರೆ ಬಿಟ್ಟೇಬಿಡಿ. ಹಳೆಯ ಎನಾಮೆಲ್ ಬಣ್ಣವನ್ನು ನೀರು ಹಾಕದೆ ಒಣ ಸ್ಯಾಂಡ್ ಪೇಪರಿನಿಂದ ಉಜ್ಜಬೇಡಿ. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಏನಿತ್ತೋ. ಉಜ್ಜಲೇಬೇಕಾದರೆ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಮರದ ಬಣ್ಣವೇ ಕಾಣುವ ಬಾಡಿಗೆ ಫ್ರೆಂಚ್ ಪಾಲಿಶ್ ಸಾಕು, ಬೇಡ ಅನಿಸಿದರೆ ಸ್ಪಿರಿಟ್‌ನಿಂದ ತೆಗೆಯಬಹುದು. ಪಿಯು (ಪಾಲಿಯುರೆಥೇನ್) ಪಾಲಿಶ್ ಗಟ್ಟಿ, ಹೊಳಪೂ ಜಾಸ್ತಿ, ಆದರೆ ಹಿಂದಕ್ಕೆ ದಾರಿ ಇಲ್ಲ.

ಯಾರಿಗೆ ಯಾವುದು

ಕಲಿಯಲು ಗಿಟಾರ್ ಬೇಕು, ಕೈಯಲ್ಲಿ 3 ಸಾವಿರ ಇದೆ, ನೆಕ್ ಪಾಸಾಗಿದೆ: ಒಂದನೇ ದಾರಿ, ದುಡ್ಡು ಉಳಿದರೆ ಎರಡನೆಯದರಿಂದ ಜ್ಯಾಕ್ ಮತ್ತು ಪಾಟ್. ನೆಕ್ ಫೇಲಾಗಿದ್ದರೆ ಕಲಿಯುವವರು ಈ ಗಿಟಾರಿನ ಸಹವಾಸಕ್ಕೆ ಹೋಗಬೇಡಿ. ಶ್ರುತಿ ತಪ್ಪಿದ ಗಿಟಾರಿನಲ್ಲಿ ಕಲಿತರೆ ಕಿವಿ ಕೆಡುತ್ತದೆ. 15ರಿಂದ 25 ಸಾವಿರದೊಳಗೆ ಯಮಹಾ ಪೆಸಿಫಿಕಾ, ಸ್ಕ್ವಯರ್ ಥರದ್ದು ಹೊಸದೇ ಬರುತ್ತದೆ, ಸೆಕೆಂಡ್ ಹ್ಯಾಂಡ್ ಇನ್ನೂ ಅಗ್ಗ.

ಅಪ್ಪನದೋ ಮಾವನದೋ ಗಿಟಾರ್, ಮನೆಯಲ್ಲಿ ಎಲ್ಲರಿಗೂ ಪ್ರೀತಿ, ನುಡಿಸುವವರು ಯಾರೂ ಇಲ್ಲ: ತೊಳೆಯಿರಿ, ಕುಟ್ಟೆಗೆ ಔಷಧಿ ಹಾಕಿ, ತಂತಿ ಪೂರ್ತಿ ಸಡಿಲಿಸಿ ತೂಗುಹಾಕಿ. ಹೊರಗಡೆಯ ಗೋಡೆ ಬೇಡ, ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಮಾಡಿದವರು ಇನ್ನೂ ಇದ್ದರೆ ಯಾವ ಮರ, ಯಾರು ಕೊಯ್ದರು, ಪಿಕಪ್ ಯಾರು ಸುತ್ತಿದರು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಅದೇ ಗಿಟಾರ್, ಆದರೆ ನುಡಿಸುವ ಮಗನೋ ಮಗಳೋ ಇದ್ದಾರೆ: ನೆಕ್ ಪಾಸಾದರೆ ಎರಡನೇ ದಾರಿ, ಹಳೆಯ ಭಾಗಗಳೆಲ್ಲ ಹೆಸರು ಬರೆದ ಪೊಟ್ಟಣದಲ್ಲಿ. ಫೇಲಾದರೆ ಮೊದಲು ಐದನೆಯದನ್ನು ಒಂದು ತಿಂಗಳು ನುಡಿಸಿ ನೋಡಲಿ. ಅದು ಒಗ್ಗದಿದ್ದರೆ ಮೂರನೆಯದಕ್ಕೆ ದುಡ್ಡು ಕೂಡಿಡಬಹುದು. ನಾಲ್ಕನೆಯದನ್ನು ಇವರಿಗೆ ನಾನು ಹೇಳುವುದಿಲ್ಲ. ಕೈಗೆ ಸಿಗುವುದೇ ನೆಕ್. ಅದನ್ನೇ ಬದಲಿಸಿದ ಮೇಲೆ ನುಡಿಸುವವರಿಗೆ ಅಪ್ಪನ ಗಿಟಾರ್ ಅನಿಸುವುದು ಕಷ್ಟ.

ವೇದಿಕೆ ಮೇಲೆ ನುಡಿಸುವವರಿಗೆ ಭಾವನೆಗಿಂತ ಭರವಸೆ ಮುಖ್ಯ: ನಾಲ್ಕನೇ ದಾರಿ, ಜೊತೆಗೆ ಎರಡನೆಯದರ ಪೂರ್ತಿ ವೈರಿಂಗ್. ಹಾಗಿದ್ದರೂ ಮೊದಲ ಕೆಲವು ಕಾರ್ಯಕ್ರಮಗಳಿಗೆ ಇನ್ನೊಂದು ಗಿಟಾರ್ ಪಕ್ಕದಲ್ಲಿರಲಿ. ಹೊಸ ನೆಕ್ ಹೊಸ ಊರಿನ ಹವೆಗೆ ಹೊಂದಿಕೊಳ್ಳಲು ಕೆಲವು ವಾರ ತೆಗೆದುಕೊಳ್ಳುತ್ತದೆ. ಆಮೇಲೆ ಟ್ರಸ್ ರಾಡನ್ನು ಇನ್ನೊಂದು ಸಲ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದ ಹಾಗೆ ತಿರುಗಿಸಿ ಹದ ಮಾಡಬೇಕಾಗುತ್ತದೆ.